ದಾರ ಕಟ್ಟಿದ ಬೆಂಡೆ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಕಟಪಾಡಿ. ಹೆದ್ದಾರಿಯಿಂದ ಕಡಲಿನ ಕಡೆಗೆ ಹೋದರೆ ಮಟ್ಟು, 2011ರಲ್ಲಿ ಭೌಗೋಳಿಕ ಗುರುತು ಪಡೆದ ಗುಳ್ಳಬದನೆಯ ಊರು. ನಾವು ತಿರುಗುವುದು ಇನ್ನೊಂದು ಕಡೆಗೆ, ಶಿರ್ವದ ದಾರಿಯಲ್ಲಿ. ಮುರಕಲ್ಲಿನ ಪಾಗಾರಗಳ ನಡುವೆ ರಿಕ್ಷಾ ಕುಲುಕುತ್ತಾ ಸಾಗಿ ನನ್ನ ಅಕ್ಕನ ಅಂಗಳದಲ್ಲಿ ನಿಲ್ಲುತ್ತದೆ.

ಆ ಮನೆಯ ಹಿತ್ತಿಲಿನಲ್ಲಿ ಬೆಳೆಯುವುದು ಊರ ಬೆಂಡೆ. ಹಾಲು ಬೆರೆಸಿದಂಥ ತಿಳಿಹಸಿರು ಬಣ್ಣ. ಪೇಟೆಯ ಬೆಂಡೆಗೆ ಐದು ಏಣುಗಳಾದರೆ ಇದಕ್ಕೆ ಏಳೆಂಟು. ಗೇಣುದ್ದ ಬೆಳೆದರೂ ನಾರಾಗುವುದಿಲ್ಲ. ನಮ್ಮ ಅಮ್ಮ ಬಿತ್ತುತ್ತಿದ್ದ ಬೀಜದ್ದೇ ಸಂತಾನ ಅದು.

ಕಳೆದ ಮೇ ತಿಂಗಳಲ್ಲಿ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ಹೋಗಿದ್ದೆ. ಐದನೆಯ ತರಗತಿ, ಬಾಯಿ ಮಾತ್ರ ಹತ್ತನೆಯದ್ದು.

"ದೊಡ್ಡಜ್ಜೀ, ಈ ಸಲ ಬೆಂಡೆಬೀಜ ನಾನೇ ಬಿತ್ತುತ್ತೇನೆ" ಎಂದಳು.

"ಬೀಜ ಎಲ್ಲಿದೆ ಅಂತ ನಿನ್ನ ಅಜ್ಜನನ್ನು ಕೇಳು" ಎಂದಳು ಅಕ್ಕ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದಿನ ವರ್ಷದ ಅಷ್ಟಮಿಗೆ ಬಂದಾಗ ಅಡುಗೆಗೆ ಬೆಂಡೆ ಕೊಯ್ಯಲು ಹೋದವನು, ದಾರ ಕಟ್ಟಿದ್ದ ನಾಲ್ಕು ದೊಡ್ಡ ಕಾಯಿಗಳನ್ನೂ ಕೊಯ್ದುಬಿಟ್ಟಿದ್ದೆ. ಅಕ್ಕ ಅವನ್ನು ಬೀಜಕ್ಕೆ ಬಿಟ್ಟಿದ್ದಳು. ಕಾಯಿ ಬಲಿತು ಚೂರಿಗೂ ಬಗ್ಗಲಿಲ್ಲ, ದನದ ಬಾಲ್ದಿಗೆ ಹೋಯಿತು. "ಆಯ್ತು ಬಿಡು ಮಾರಾಯ" ಎಂದು ಅಕ್ಕ ಸುಮ್ಮನಾದಳು. ಮುಂದಿನ ಕಾಯಿಗಳನ್ನು ಬಿಡೋಣವೆಂದರೆ ಅಷ್ಟರಲ್ಲಿ ಗಿಡಗಳಿಗೆ ಹಳದಿ ರೋಗ. ಬಿಳಿನೊಣ ಹರಡುವ ಈ ರೋಗ ತಗಲಿದರೆ ಎಲೆಯ ನರಗಳೆಲ್ಲ ಹಳದಿಯಾಗುತ್ತವೆ. ಗಿಡವನ್ನು ಕಿತ್ತು ಹಾಕುವುದೇ ದಾರಿ. ನೆರೆಮನೆಗಳಲ್ಲಿ ಕೇಳೋಣವೆಂದರೆ ಅಲ್ಲೀಗ ಎಲ್ಲರೂ ಅಂಗಡಿಯ ಪ್ಯಾಕೆಟಿನ ಬೀಜ ತರುತ್ತಾರೆ.

ಅಕ್ಕ ಅಡುಗೆಮನೆಯ ಅಟ್ಟದಿಂದ ಒಂದು ಹಳೆಯ ಬಾಟಲಿ ಇಳಿಸಿದಳು. ತಳದಲ್ಲಿ ಹನ್ನೊಂದು ಬೀಜ, ಎರಡು ವರ್ಷ ಹಿಂದಿನವು. ಬೆಂಡೆಬೀಜ ಹಳತಾದಷ್ಟೂ ಮೊಳಕೆ ಕಡಿಮೆ. ನನಗೆ ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ.

ಪತ್ತನಾಜೆ ಹತ್ತಿರ ಬಂದಿತ್ತು. ತುಳುವರ ಬೇಶ ತಿಂಗಳ ಹತ್ತನೆಯ ದಿನವದು, ಮೇ 24ರ ಆಸುಪಾಸು. ಮಳೆಗಾಲದ ತರಕಾರಿ ಬೀಜ ಮಣ್ಣಿಗೆ ಬೀಳುವುದು ಆ ಹೊತ್ತಿಗೆ. ಬೆಂಡೆಬೀಜದ ಸಿಪ್ಪೆ ಗಟ್ಟಿ. ಆದ್ದರಿಂದ ಹಿಂದಿನ ರಾತ್ರಿಯೇ ಪುಟ್ಟಿ ಅವನ್ನು ನೀರಿನಲ್ಲಿ ನೆನೆಹಾಕಿ, ಲೋಟವನ್ನು ತಲೆಯ ಹತ್ತಿರವೇ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಅಕ್ಕ ಮಡಿ ಸಿದ್ಧಮಾಡಿದಳು. ನಮ್ಮ ಕಡೆಯ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಮಡಿ ಎತ್ತರವಾಗಿರಬೇಕು. ಅದಕ್ಕೆ ಹಟ್ಟಿಗೊಬ್ಬರ ಮತ್ತು ಕಸಕಡ್ಡಿಯ ಜೊತೆ ಸುಟ್ಟ ಸುಡುಮಣ್ಣು. ಒಂದೂವರೆ ಅಡಿಗೊಂದು ಗುಳಿ, ಬೆರಳಿನ ಒಂದು ಗೆಣ್ಣಿನಷ್ಟು ಆಳ. ಪುಟ್ಟಿ ಒಂದೊಂದನ್ನೂ ಎಣಿಸಿ ಹಾಕಿದಳು. ನನ್ನ ಕೈಗೆ ಬೀಜ ಸಿಗಲಿಲ್ಲ, ನೀರು ಹೊರುವ ಕೆಲಸ ಮಾತ್ರ ಸಿಕ್ಕಿತು.

ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಪುಟ್ಟಿಯ ಕೂಗು ರಸ್ತೆಯವರೆಗೂ ಕೇಳಿಸಿತು. ಒಂದು ಮೊಳಕೆ ಬೆನ್ನು ಬಾಗಿಸಿಕೊಂಡು ಮಣ್ಣನ್ನು ಎತ್ತುತ್ತಿತ್ತು. ನಾವು ಹೊರಡುವ ಹೊತ್ತಿಗೆ ಮೂರು. ಉಳಿದ ಎಂಟು ಏಳಲೇ ಇಲ್ಲ.

ಆಮೇಲೆ ವಾರ ವಾರವೂ ಫೋನು. ಜೂನಿನಲ್ಲಿ ಒಂದು ಸಸಿಯನ್ನು ಬಸವನಹುಳು ತಿಂದಿತು. ಅಂದು ಪುಟ್ಟಿ ಶಾಲೆಯ ಡಬ್ಬಿ ತೆರೆಯಲಿಲ್ಲವಂತೆ. ಅಕ್ಕ ರಾತ್ರಿ ಟಾರ್ಚು ಹಿಡಿದು ಹುಳು ಹೆಕ್ಕತೊಡಗಿದಳು, ಎಪ್ಪತ್ತನಾಲ್ಕರ ಪ್ರಾಯದಲ್ಲಿ! ಜುಲೈಯಲ್ಲಿ ಎರಡೂ ಗಿಡ ಹೂ ಬಿಟ್ಟವು.

ಅಷ್ಟಮಿಗೆ ಮತ್ತೆ ಹೋದೆವು. ಗಿಡಗಳು ಪುಟ್ಟಿಗಿಂತ ಎತ್ತರ. ಬೆಂಡೆಯ ಹೂ ನೋಡಿದ್ದೀರಾ ಮಕ್ಕಳೇ? ದಾಸವಾಳದ ನೆಂಟ ಅದು. ತಿಳಿಹಳದಿ ಎಸಳು, ನಡುವೆ ಕಡುಗೆಂಪು ಕಣ್ಣು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಅದಾಗಿ ಐದಾರು ದಿನಕ್ಕೆ ಕಾಯಿ ಅಡುಗೆಗೆ ಸಿದ್ಧ. ಬೀಜ ಬೇಕಾದರೆ ಮಾತ್ರ ತಿಂಗಳಿಗೂ ಮಿಕ್ಕಿ ಕಾಯಬೇಕು.

ಈ ಸಲ ಅಕ್ಕ ದಾರವನ್ನು ನಂಬಿರಲಿಲ್ಲ. ಬೀಜದ ಕಾಯಿಗಳಿಗೆ ಕೆಂಪು ಬಟ್ಟೆಯನ್ನೇ ಕಟ್ಟಿದ್ದಳು. ಮಳೆಗೆ ಕೊಳೆಯದಂತೆ, ಕಂದುಬಣ್ಣಕ್ಕೆ ತಿರುಗಿದ ಮೂರನ್ನು ಆಗಲೇ ಕೊಯ್ದು ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗುಹಾಕಿದ್ದಳು. ಹೊರಡುವ ದಿನ ಒಂದನ್ನು ಇಳಿಸಿ ಒಡೆದಳು. ಪುಟ್ಟಿ ಎಣಿಸಿದಳು: ಐವತ್ತೆಂಟು ಬೀಜ.

ಒಂದು ಹಿಡಿ ನೆರೆಮನೆಯವರಿಗೆ ಹೋಯಿತು. ಉಳಿದದ್ದನ್ನು ಅಕ್ಕ ಕಾಗದದಲ್ಲಿ ಕಟ್ಟಿ ಪುಟ್ಟಿಯ ಚೀಲಕ್ಕೆ ಹಾಕಿದಳು. ನಾನು ಕೈಚಾಚಿದೆ, "ನನ್ನ ಹತ್ತಿರ ಇರಲಿ, ಅವಳು ಕಳೆದಾಳು."

"ನೀನು ಚೀಲ ಹೊತ್ತುಕೋ, ಸಾಕು" ಎಂದಳು ಅಕ್ಕ.