ಮನೆಮಾತಿನಲ್ಲಿ ಹೇಳಿದರೆ ಮನೆಗೆ ಮುಟ್ಟುತ್ತದೆ



2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಎಂಬ ನರಗಳ ಕಾಯಿಲೆ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಪುಣೆಯಿಂದ ಬಂದಿದ್ದ ಒಬ್ಬರು ಸೋಲಾಪುರದಲ್ಲಿ ತೀರಿಕೊಂಡರು ಎಂಬ ಸುದ್ದಿ ಬಂದ ಕೂಡಲೇ ನಮ್ಮ ಯುವಜನರ ವಾಟ್ಸಾಪ್ ಗುಂಪು ತುಂಬಿಹೋಯಿತು. ಪನೀರ್ ಮುಟ್ಟಬೇಡಿ, ಇದು ಹೊಸ ಕರೋನಾ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಹೀಗೆ ಬಾಯಿಗೆ ಬಂದದ್ದೆಲ್ಲ. ಅದು ಒಬ್ಬರಿಂದ ಒಬ್ಬರಿಗೆ ಹತ್ತುವ ಕಾಯಿಲೆಯಲ್ಲ. ಕೆಟ್ಟ ನೀರು, ಸರಿಯಾಗಿ ಬೇಯದ ಆಹಾರದಿಂದ ಸೋಂಕು ತಗುಲಿದ ಮೇಲೆ ಕೆಲವರಲ್ಲಿ ಮಾತ್ರ ಬರುತ್ತದೆ. ನೀರು ಕುದಿಸಿ ಕುಡಿಯಿರಿ ಎಂದು ನಾನು ಬರೆದು ಹಾಕಿದೆ. ಆಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಕರೋನಾ ಬಂದಾಗ ನಾವು ಸಣ್ಣವರಿದ್ವಿ. ಆವಾಗ ನೀವೆಲ್ಲ ಏನ್ ಮಾಡಿದ್ರಿ?"

ಒಳ್ಳೆಯ ಪ್ರಶ್ನೆ. ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಆದರೆ ಅದರಿಂದ ಕಲಿತದ್ದು ದೊಡ್ಡದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಕ್ಷೇತ್ರ ಬಂದ್ ಆಗ್ಯದ?

ನಮ್ಮ ಸೋಲಾಪುರ ಎಂಥ ಊರು ಎಂಬುದು ನಿಮಗೆ ಗೊತ್ತು. ಕಚೇರಿಯಲ್ಲಿ ಮರಾಠಿ, ಮಗ್ಗದ ಓಣಿಗಳಲ್ಲಿ ತೆಲುಗು, ಇನ್ನೊಂದು ಗಲ್ಲಿಯಲ್ಲಿ ಉರ್ದು, ನಮ್ಮಂಥವರ ಮನೆಯೊಳಗೆ ಕನ್ನಡ. ಸಿದ್ಧರಾಮರು ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆ ಇದೇ. ಅಕ್ಕಲಕೋಟೆ, ಮೈಂದರ್ಗಿ, ದುಧನಿ ಕಡೆಗೆ ಹೋದರಂತೂ ಸಂತೆಯಲ್ಲಿ ಕೇಳುವುದೇ ಕನ್ನಡ. ಅತ್ತ ಆಳಂದ, ಅಫಜಲಪುರ, ಇತ್ತ ಇಂಡಿ. ಹೆಣ್ಣು ಕೊಡುವುದು, ತರುವುದು ಎಲ್ಲಾ ಗಡಿಯ ಆಚೆ ಈಚೆ.

ದೇಶದಲ್ಲಿ ಕರೋನಾದಿಂದ ಆದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಆಗ ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ಏಪ್ರಿಲ್‌ನಲ್ಲಿ ಸೋಲಾಪುರ ನಗರದಲ್ಲೂ ಕಾಯಿಲೆ ಕಾಣಿಸಿಕೊಂಡಿತು. ರಾಜ್ಯದ ಗಡಿ ಬಂದ್ ಆಯಿತು. ದವಾಖಾನೆಗೆಂದು ಸೋಲಾಪುರಕ್ಕೇ ಬರುತ್ತಿದ್ದ ಗಡಿಯಾಚೆಯ ಬೀಗರು ಅಲ್ಲೇ ಉಳಿದರು. ಮಗ್ಗಗಳು ನಿಂತವು. ಬೀಡಿ ಕಾರ್ಖಾನೆಗಳು ಮುಚ್ಚಿದ್ದರಿಂದ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈಗೆ ಎಲೆಯೂ ಇಲ್ಲ, ಕೂಲಿಯೂ ಇಲ್ಲ.

ದಿನವೂ ಗಾಡಿ ಬರುತ್ತಿತ್ತು, ಧ್ವನಿವರ್ಧಕದಲ್ಲಿ ಮರಾಠಿ ಸೂಚನೆ. ಪೇಟೆಯಲ್ಲಿ ಓಡಾಡುವ ಗಂಡಸರಿಗೆ ಅರ್ಥವಾಗುತ್ತಿತ್ತು. ಮನೆಯೊಳಗಿನ ಅಜ್ಜಿಯಂದಿರಿಗೆ ಅಲ್ಲ. "ವಿಲಗೀಕರಣ" ಎಂದರೆ ಏನು? ಅಕ್ಕಲಕೋಟೆಯ ನಮ್ಮ ಅಜ್ಜಿ "ಪ್ರತಿಬಂಧಿತ ಕ್ಷೇತ್ರ" ಎಂಬ ಮಾತು ಕೇಳಿ ಫೋನ್ ಮಾಡಿ ವಿಚಾರಿಸಿದರು: "ಯಾವ ಕ್ಷೇತ್ರ ಬಂದ್ ಆಗ್ಯದವ್ವಾ? ಸ್ವಾಮಿ ಸಮರ್ಥರ ಗುಡಿನಾ?" ಕ್ಷೇತ್ರ ಎಂದರೆ ಅವರಿಗೆ ಪುಣ್ಯಕ್ಷೇತ್ರ. ನಾವು ನಕ್ಕೆವು. ಆದರೆ ಅದು ನಗುವ ವಿಷಯವಾಗಿರಲಿಲ್ಲ ಎಂಬುದು ಬೇಗನೇ ತಿಳಿಯಿತು.

ನಮ್ಮ ಹಿಂದಿನ ಗಲ್ಲಿಯಲ್ಲಿ ಮಗ್ಗದ ಕೆಲಸದ ಕಾಕಾ ಒಬ್ಬರಿದ್ದರು. ಆರು ದಿನ ಜ್ವರವಿದ್ದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಲ್ಲಿಗೆ ತಗಡು ಬಡಿಯುತ್ತಾರೆ, ಮನೆಮಂದಿಯನ್ನೆಲ್ಲ ಎಲ್ಲಿಗೋ ಒಯ್ಯುತ್ತಾರೆ, ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ಓಣಿಯಲ್ಲಿ ಓಡಾಡುತ್ತಿತ್ತು. ಹೆಂಡತಿ ಶುಂಠಿ ಕಷಾಯ ಮಾಡಿಕೊಟ್ಟರು. ಏಳನೇ ದಿನ ಉಸಿರು ಹತ್ತಿತು. ದವಾಖಾನೆಗೆ ಸೇರಿದ ಮೂರನೇ ದಿನ ಕಾಕಾ ಹೋಗಿಬಿಟ್ಟರು. ಎಷ್ಟೋ ದಿನಗಳ ಮೇಲೆ ಕಾಕು ನಮ್ಮ ಅವ್ವನ ಮುಂದೆ ಹೇಳಿದ್ದು ಇಷ್ಟೇ: "ಯಾರರ ನಮ್ಮ ಮಾತಿನಾಗ ಕುಂತು ತಿಳಿಸಿ ಹೇಳಿದ್ದರ, ಮೊದಲನೇ ದಿನಾನೇ ಕರ್ಕೊಂಡು ಹೋಗ್ತಿದ್ದೆವ್ವಾ."

ಒಂದು ನಿಮಿಷದ ಧ್ವನಿಸಂದೇಶ

ಆ ಮಾತು ಕೇಳಿದ ಮೇಲೆ ನಾವು ನಾಲ್ಕು ಮಂದಿ ಸೇರಿ ದಿನದ ಸೂಚನೆಗಳನ್ನು ಕನ್ನಡಕ್ಕೆ ತರಲು ಶುರು ಮಾಡಿದೆವು. ಮೊದಲು ಬರೆದು ಕಳಿಸಿದೆವು. ಆದರೆ ನಮ್ಮಲ್ಲಿ ಕನ್ನಡ ಮಾತಾಡುವ ಎಷ್ಟೋ ಜನ ಓದಿದ್ದು ಮರಾಠಿ ಶಾಲೆಯಲ್ಲಿ. ಅವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅಂಥವರಿಗೆ ಕನ್ನಡದ ಮಾತನ್ನೇ ಮರಾಠಿ ಅಕ್ಷರದಲ್ಲಿ ಬರೆದೆವು. ಯಾವ ಅಕ್ಷರವೂ ಬಾರದ ಹಿರಿಯರಿಗೆ ಒಂದು ನಿಮಿಷದ ಧ್ವನಿಸಂದೇಶ. ಅದೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಪರಿಚಯದ ದನಿ, ಮನೆಯ ಮಾತು. ಸಂದೇಶ ಕಳಿಸುವ ಮೊದಲು ಆಶಾ ತಾಯಿಯವರಿಗೋ ಪರಿಚಯದ ನರ್ಸ್‌ಗೋ ಕೇಳಿಸಿ, ಸರಿ ಎಂದ ಮೇಲೆಯೇ ಕಳಿಸುವುದು ಎಂಬ ಒಂದು ನಿಯಮ ಇಟ್ಟುಕೊಂಡೆವು.

2020ರ ಸೆಪ್ಟೆಂಬರ್ 15ರಂದು ಮಹಾರಾಷ್ಟ್ರ ಸರಕಾರ "ಮಾಝೇ ಕುಟುಂಬ, ಮಾಝೀ ಜಬಾಬದಾರೀ" ಅಭಿಯಾನ ಶುರು ಮಾಡಿತು. ನನ್ನ ಕುಟುಂಬ, ನನ್ನ ಜವಾಬ್ದಾರಿ ಎಂದು ಅರ್ಥ. ಆರೋಗ್ಯ ಕಾರ್ಯಕರ್ತೆಯ ಜೊತೆ ಸ್ವಯಂಸೇವಕರು ಮನೆಮನೆಗೆ ಹೋಗಿ ಜ್ವರ ನೋಡುವುದು, ಆಕ್ಸಿಜನ್ ನೋಡುವುದು, ಸಕ್ಕರೆ ಕಾಯಿಲೆ, ಬಿಪಿ ಇದ್ದವರ ಹೆಸರು ಬರೆದುಕೊಳ್ಳುವುದು. ನಮ್ಮ ಭಾಗದ ಆಶಾ ತಾಯಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಕನ್ನಡದ ಮನೆಗಳಿಗೆ ನಾನೂ ಗೆಳತಿಯೂ ಜೊತೆಗೆ ಹೋಗುತ್ತಿದ್ದೆವು.

ಬೆರಳಿಗೆ ಸಿಕ್ಕಿಸುವ ಆ ಸಣ್ಣ ಯಂತ್ರ ಕಂಡರೆ ಜನರಿಗೆ ಭಯ. "ರಕ್ತ ಎಳೀತದೇನು?" ಎಂದು ಕೇಳಿದವರಿದ್ದಾರೆ. ಇದು ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ ಅಷ್ಟೇ, ಆಕ್ಸಿಜನ್ ತುಂಬಿದ ರಕ್ತ ಹೆಚ್ಚು ಕೆಂಪಗಿರುತ್ತದೆ, ಕಡಿಮೆಯಾದರೆ ಕಪ್ಪಾಗುತ್ತದೆ ಎಂದು ಹೇಳಿ ಮೊದಲು ನನ್ನ ಬೆರಳಿಗೇ ಹಾಕಿ ತೋರಿಸುತ್ತಿದ್ದೆ. ಮದರಂಗಿ, ಉಗುರುಬಣ್ಣ ಇದ್ದರೆ ಲೆಕ್ಕ ತಪ್ಪಬಹುದು, ಬೇರೆ ಬೆರಳು ಕೊಡಿ. 94ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ. ಈ ಕಾಯಿಲೆಯಲ್ಲಿ ಮನುಷ್ಯ ಆರಾಮಾಗಿ ಮಾತಾಡುತ್ತಿರುವಾಗಲೇ ಆಕ್ಸಿಜನ್ ಇಳಿದಿರಬಹುದು, ಅದಕ್ಕೇ ಅಳೆದು ನೋಡಬೇಕು. ಕಾಲೇಜಿನಲ್ಲಿ ಕಲಿತ ವಿಜ್ಞಾನ ಹೀಗೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಉಪಯೋಗಕ್ಕೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ದೇವಾಲಯದ ಬಾಗಿಲು ಮುಚ್ಚಿದಾಗ

ಈ ಕೆಲಸದ ನಡುವೆ ನಮ್ಮ ಕುಟುಂಬಗಳಲ್ಲೇ ಇನ್ನೊಂದು ನೋವಿತ್ತು. ದೇವಾಲಯ ಮುಚ್ಚಿತ್ತು. ಮಹಾರಾಷ್ಟ್ರದ ಗುಡಿ, ಮಸೀದಿ, ಚರ್ಚುಗಳು ಮತ್ತೆ ತೆರೆದದ್ದು 2020ರ ನವೆಂಬರ್ 16ರಂದು. ಎರಡನೇ ಅಲೆಯಲ್ಲಿ ಪುನಃ ಮುಚ್ಚಿ 2021ರ ಅಕ್ಟೋಬರ್ 7ರಂದು ತೆರೆದವು. "ದೇವರ ಮನೆಯಲ್ಲಿ ರೋಗ ಬರುತ್ತದೆಯೇ? ನಮಗೆ ವಿಶ್ವಾಸ ಕಡಿಮೆಯಾಯಿತೇ?" ಎಂದು ಹಿರಿಯರು ಕೇಳುತ್ತಿದ್ದರು. ವರ್ಷಗಟ್ಟಲೆ ಒಂದು ಭಾನುವಾರವೂ ಬಲಿಪೂಜೆ ತಪ್ಪಿಸದವರ ಪ್ರಶ್ನೆ ಅದು. ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಇದು ಧರ್ಮಸಭೆಗೆ ಹೊಸದಲ್ಲ. 1576ರಲ್ಲಿ ಮಿಲಾನ್ ನಗರದಲ್ಲಿ ಪ್ಲೇಗ್ ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೊ ಬೀದಿ ಕೂಡುವಲ್ಲಿ ಬಲಿಪೀಠ ಹಾಕಿಸಿದರು. ಜನ ತಮ್ಮ ಕಿಟಕಿಯಲ್ಲೇ ನಿಂತು ಬಲಿಪೂಜೆಯಲ್ಲಿ ಭಾಗವಹಿಸಿದರು. ನಾವು ಮೊಬೈಲ್ ನೋಡಿದ್ದೂ ಅಂಥದೇ ಒಂದು ಕಿಟಕಿ. 2020ರ ಮಾರ್ಚ್ 27ರ ಸಂಜೆ ಮಳೆಯಲ್ಲಿ, ಒಬ್ಬರೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಫೋನಿನಲ್ಲಿ ನೋಡಿದೆವು. ಅಕ್ಕಪಕ್ಕದವರ ಜೀವ ಉಳಿಯಲೆಂದು ಬಾಗಿಲು ಮುಚ್ಚುವುದೂ ಪ್ರೀತಿಯ ಕೆಲಸವೇ ಎಂದು ಆ ದಿನ ಅನ್ನಿಸಿತು.

ಲಸಿಕೆ, ಮತ್ತು ಇಂಗ್ಲಿಷಿನ ಗೋಡೆ

2021ರ ಮೇ 1ರಿಂದ 18 ವರ್ಷ ಮೇಲ್ಪಟ್ಟವರಿಗೆ ಲಸಿಕೆ ತೆರೆಯಿತು. ನಮ್ಮ ವಯಸ್ಸಿನವರು ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕಿತ್ತು. ಅದೋ ಆಗ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ, ಮರಾಠಿ, ತೆಲುಗು ಬಂದದ್ದು ಜೂನ್‌ನಲ್ಲಿ. ನಡುವಿನ ಆ ತಿಂಗಳಲ್ಲಿ ಇಂಗ್ಲಿಷ್ ಬಲ್ಲವರಿಗೇ ಸರದಿ ಸಿಗುತ್ತಿತ್ತು. ಮಗ್ಗದ ಹುಡುಗರು ಓಟಿಪಿ ಹಿಡಿದು ಕೂರುತ್ತಿದ್ದರು. ನಮ್ಮ ಯುವಜನರು ಜಾತಿ ಮತ ನೋಡದೆ ಓಣಿಯ ಎಲ್ಲರ ಹೆಸರು ನೋಂದಾಯಿಸಿಕೊಟ್ಟರು. ಎಲ್ಲರ ಹೆಸರು ಎಂದರೆ ಎಲ್ಲರದೂ. ಗಾಯಗೊಂಡವನ ಊರು ಯಾವುದು, ಗುಡಿ ಯಾವುದು ಎಂದು ಆ ಸಮಾರಿಯದವನು ಕೇಳಲಿಲ್ಲವಲ್ಲ.

ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಸಮಸ್ಯೆ ಬೇರೆ. ಲಸಿಕೆ ತೆಗೆದುಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಎಂಬ ಗಾಳಿಮಾತು. ಎಷ್ಟು ಹೇಳಿದರೂ ಆಗಲಿಲ್ಲ. ಕೊನೆಗೆ ನಮ್ಮ ಅಜ್ಜಿಯೇ ಮುಂದೆ ಹೋದರು. ಮರುದಿನ ಮೈಕೈ ನೋವು, ಜ್ವರ ಬಂತು. ಮೂರನೇ ದಿನ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನೋಡ್ರೀ, ನಾ ಸತ್ತಿಲ್ಲ. ನೀವೂ ಹೋಗ್ರಿ" ಎಂದರು. ನನ್ನ ಬಿಎಸ್ಸಿಗಿಂತ ಅಜ್ಜಿಯ ಕಟ್ಟೆ ಹೆಚ್ಚು ಜನರನ್ನು ಒಪ್ಪಿಸಿತು.

ನಮ್ಮ ಜಿಲ್ಲೆಯ ಯುವಕರು

ಯುವಕರ ಮಾತು ಯಾರು ಕೇಳುತ್ತಾರೆ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಮೋಹೋಳ ತಾಲೂಕಿನ ಘಾಟಣೆ ಗ್ರಾಮದ ಸರಪಂಚ ಋತುರಾಜ್ ದೇಶಮುಖ್ ಅವರಿಗೆ ಆಗ 21 ವರ್ಷ. ಊರವರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೂಡಿಸಿಕೊಂಡು ಮನೆಮನೆಯ ತಪಾಸಣೆ ನಡೆಸಿ ಊರನ್ನು ಕಾಯಿಲೆಯಿಂದ ದೂರವಿಟ್ಟರು. 2021ರ ಮೇ ಕೊನೆಯಲ್ಲಿ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ರಾಜ್ಯಕ್ಕೆ ಮಾಡಿದ ಭಾಷಣದಲ್ಲಿ ಇವರ ಹೆಸರನ್ನೂ, ದಕ್ಷಿಣ ಸೋಲಾಪುರದ ಅಂತ್ರೋಳಿಯ ಸರಪಂಚ ಕೋಮಲ್ ಕರಪೆ ಅವರ ಹೆಸರನ್ನೂ ಹೇಳಿ ಹೊಗಳಿದರು.

ಇನ್ನೊಬ್ಬರು ಮಾಢಾ ತಾಲೂಕಿನ ಪರಿತೇವಾಡಿಯ ಶಿಕ್ಷಕ ರಣಜಿತಸಿಂಹ ಡಿಸಲೆ. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು ಎಂದು ಕಂಡಾಗ ಇವರು ತಾವೇ ಕನ್ನಡ ಕಲಿತರು, ಪಾಠಗಳನ್ನು ಕನ್ನಡಕ್ಕೆ ತಂದರು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿದರು. ಕರೋನಾ ವರ್ಷದಲ್ಲೇ, 2020ರ ಡಿಸೆಂಬರ್ 3ರಂದು, ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಉಳಿದ ಒಂಬತ್ತು ಮಂದಿ ಸ್ಪರ್ಧಿಗಳಿಗೆ ಹಂಚಿದರು. ಎದುರಿಗಿರುವವರ ಮಾತನ್ನು ನಾವು ಕಲಿಯಬೇಕು, ಅವರು ನಮ್ಮದನ್ನು ಕಲಿಯಲಿ ಎಂದು ಕಾಯಬಾರದು. ಇದು ನಾನು ಅವರಿಂದ ತೆಗೆದುಕೊಂಡ ಪಾಠ.

ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಜಾಗ ಅವರೂ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ 1591ರಲ್ಲಿ ರೋಮಿನಲ್ಲಿ ತೀರಿಕೊಂಡರು. ವಯಸ್ಸು 23. ನಮ್ಮ ಸೋಲಾಪುರದಲ್ಲೇ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ಣೀಸ್ ಚೀನಾದ ಗಾಯಾಳುಗಳ ಸೇವೆಯಲ್ಲಿ 1942ರಲ್ಲಿ ಪ್ರಾಣ ಬಿಟ್ಟಾಗ ಅವರಿಗೆ 32. ನಮ್ಮಿಂದ ಯಾರೂ ಅಷ್ಟು ಕೇಳುತ್ತಿಲ್ಲ. ಓಣಿಯ ಹತ್ತು ಮನೆ ನೋಡಿಕೊಳ್ಳಲು ಕೇಳುತ್ತಿದ್ದಾರೆ.

ಈಗ ಮಾಡಬೇಕಾದದ್ದು

ಮುಂದಿನ ಕಾಯಿಲೆ ಯಾವಾಗ, ಯಾವ ಹೆಸರಿನಲ್ಲಿ ಬರುತ್ತದೋ ಗೊತ್ತಿಲ್ಲ. ಬಂದಾಗ ಶುರು ಮಾಡಿದರೆ ತಡವಾಗುತ್ತದೆ. ಆದ್ದರಿಂದ ನಮ್ಮ ಯುವಜನ ಸಂಘ ಒಂದು ವಹಿ ಇಟ್ಟಿದೆ. ಧರ್ಮಕೇಂದ್ರದ ಪ್ರತಿ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ದಿನವೂ ಔಷಧಿ ಬೇಕಾದವರು ಯಾರು, ಯಾರ ರಕ್ತದ ಗುಂಪು ಯಾವುದು, ಯಾವ ಮನೆಯಲ್ಲಿ ಯಾವ ಮಾತು, ಯಾವ ಅಕ್ಷರ ಓದುತ್ತಾರೆ ಎಂದು ಅದರಲ್ಲಿದೆ. ಅವರವರ ಒಪ್ಪಿಗೆ ಕೇಳಿಯೇ ಬರೆದದ್ದು, ಹೊರಗಿನವರಿಗೆ ತೋರಿಸುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್, ಆಕ್ಸಿಮೀಟರ್ ಎರಡೂ ದೇವಾಲಯದ ಕಪಾಟಿನಲ್ಲಿವೆ. ಆಂಬುಲೆನ್ಸಿನ 108 ಸಂಖ್ಯೆಯನ್ನು ಪ್ರತಿ ಮನೆಯ ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸುವ ಕೆಲಸ ಅರ್ಧ ಆಗಿದೆ, ಇನ್ನರ್ಧ ನಿಮ್ಮದು.

ಹಾಗೆಯೇ ಒಂದು ವಿನಂತಿ. ಕಾಯಿಲೆಯ ಬಗ್ಗೆ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ತಿಳಿದವರೊಬ್ಬರನ್ನು ಕೇಳಿ. ಸರಿ ಎಂದು ಗೊತ್ತಾದರೆ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಪಕ್ಕದ ಮನೆಗೆ ಹೋಗಿ, ಕುಳಿತು, ಅವರ ಮಾತಿನಲ್ಲಿ ಹೇಳಿ.

ಮೊದಲ ಭಾನುವಾರ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಸೇರೋಣ. ತೆಲುಗು, ಉರ್ದು ಬಲ್ಲ ಗೆಳೆಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ವಹಿಯಲ್ಲಿ ಇನ್ನೂ ಖಾಲಿ ಹಾಳೆಗಳಿವೆ.