ಅಟ್ಟದ ಮೇಲಿನ ಫ್ಲಾಪಿ

ಮೊನ್ನೆ ಮಾಲೂರಿನ ಮನೆಯಲ್ಲಿ ಅಟ್ಟ ಗುಡಿಸುವಾಗ ಒಂದು ನೀಲಿ ಫ್ಲಾಪಿ ಸಿಕ್ತು. ಅದರ ಮೇಲೆ ನನ್ನದೇ ಅಕ್ಷರ: 'ಅಜ್ಜಿ ಪದಗಳು, 2003'.

ಆಗಷ್ಟೇ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಮೇಷ್ಟ್ರು ಹೇಳಿದ್ದು ಇಷ್ಟು: ಕೀಬೋರ್ಡು, ಮೌಸು ಒಳಗೆ ಕೊಡೋಕೆ, ಮಾನಿಟರು, ಪ್ರಿಂಟರು ಹೊರಗೆ ತೋರಿಸೋಕೆ. ರ‍್ಯಾಮ್ ಅಂದ್ರೆ ಸ್ಲೇಟು, ಕರೆಂಟು ಹೋದ್ರೆ ಅಳಿಸಿಹೋಯ್ತು. ಹಾರ್ಡ್ ಡಿಸ್ಕು, ಫ್ಲಾಪಿ ನೋಟ್‌ಬುಕ್ ಇದ್ದಂತೆ, ಬರೆದದ್ದು ಉಳಿಯುತ್ತೆ.

ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು 'ನುಡಿ'ಯಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಫ್ಲಾಪಿಗೆ ಹಾಕಿದೆ. 1.44 ಎಂಬಿಯ ಒಂದು ಮೂಲೆಯಲ್ಲೇ ಎಲ್ಲ ಹಿಡಿಸಿದವು. ಫ್ಲಾಪಿಯಲ್ಲಿದೆಯಲ್ಲ ಅಂತ ಕ್ಲಾಸಿನ ಮಷೀನಿನಿಂದ ಅಳಿಸಿಯೂಬಿಟ್ಟೆ! ಮನೆಗೆ ತಂದು ಟೇಪ್ ರೆಕಾರ್ಡರಿನ ಸ್ಪೀಕರಿಗೆ ಒರಗಿಸಿಟ್ಟೆ.

ವಾರ ಬಿಟ್ಟು ಹಾಕಿ ನೋಡಿದರೆ, "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳ್ತು. ನಮ್ಮೂರ ಹೆಂಚಿನ ಕಾರ್ಖಾನೆಗಳ ಕೆಂಪು ಧೂಳು ಒಳಗೆ ಹೋಗಿರಬೇಕು ಅಂದುಕೊಂಡೆ. ಎಲ್ಲಿಟ್ಟಿದ್ದೆ ಅಂತ ಕೇಳಿ ಮೇಷ್ಟ್ರು ಹಣೆ ಚಚ್ಚಿಕೊಂಡರು. ಫ್ಲಾಪಿಯೊಳಗಿನ ತೆಳು ತಟ್ಟೆಯ ಮೇಲೆ ಅಕ್ಷರ ನಿಲ್ಲೋದು ಅಯಸ್ಕಾಂತದ ಗುರುತುಗಳಾಗಿ. ಸ್ಪೀಕರಿನ ಬೆನ್ನಲ್ಲಿರೋದೂ ಅಯಸ್ಕಾಂತವೇ.

ಮತ್ತೆ ಕೇಳಿ ಬರೆದರಾಯ್ತು ಅಂದುಕೊಂಡೆ... ಆ ಮಳೆಗಾಲದಲ್ಲೇ ಅಜ್ಜಿ ಹೋಗಿಬಿಟ್ಟಳು.

ಈಗ ಉಗುರಿನಷ್ಟು ಕಾರ್ಡಿನಲ್ಲಿ ಸಾವಿರಾರು ಹಾಡು ಹಿಡಿಸುತ್ತೆ. ಅದೂ ಒಂದು ದಿನ ಕೈಕೊಡೋದೇ. ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ ಸ್ವಾಮಿ. ಅಮ್ಮನಿಗೆ ನೆನಪಿದ್ದ ನಾಲ್ಕು ಪದ ಅವತ್ತೇ ರೆಕಾರ್ಡ್ ಮಾಡಿಕೊಂಡೆ: ಪೆನ್‌ಡ್ರೈವಿಗೊಂದು ಪ್ರತಿ, ತಂಗಿಯ ಲ್ಯಾಪ್‌ಟಾಪಿಗೊಂದು.

ನಿಮ್ಮ ಅಜ್ಜಿಯ ಪದಗಳು ಎಲ್ಲಿವೆ?