ಸಾಲ ತೀರಿದ ಮೇಲೆ

ಅಪ್ರೈಸಲ್ ತಿಂಗಳು ಬಂತೆಂದರೆ ನಮ್ಮ ಆಫೀಸಿನಲ್ಲಿ ನಾಸ್ತಿಕರಿಗೂ ದೇವರ ನೆನಪಾಗುತ್ತೆ. ಯಾರಿಗೆ ಎಷ್ಟು ಪರ್ಸೆಂಟ್, ಯಾರು ಆನ್‌ಸೈಟ್ ಹೋಗ್ತಾರೆ, ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲ್ಲ. ನಾನೂ ಅದರಲ್ಲಿ ಒಬ್ಬ. ಹೋದ ವರ್ಷ ಇದೇ ಗಲಾಟೆಯ ನಡುವೆ ಊರಿಂದ, ಅಂದರೆ ಶಾಗ್ಯದಿಂದ, ಚಿಕ್ಕಪ್ಪ ಫೋನ್ ಮಾಡಿದ್ರು.

"ನಿನ್ ತಂಗಿ ಕಾನ್ವೆಂಟ್ ಸೇರಿ ಸಿಸ್ಟರ್ ಆಯ್ತಳಂತೆ ಕನಪ್ಪ. ಇಷ್ಟೆಲ್ಲ ಓದ್ಸಿದ್ದು ಇದಕ್ಕಾ? ಓದಿರೋನು ನೀನು, ವಸಿ ಬುದ್ಧಿ ಹೇಳು."

ಚಿಕ್ಕಪ್ಪನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಜೊತೆಗೆ ಓದಿದವರು ಗಲ್ಫ್‌ಗೆ ಹೊರಟಿದ್ರು. ಚಿಕ್ಕಪ್ಪ ರೇಷ್ಮೆ ಬೆಳೆದು, ಅದೂ ಸಾಲದೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆದು ಓದಿಸಿದವರು. ಮಗಳು ದುಡಿದರೆ ಹೆಂಚಿನ ಮನೆಗೆ ತಾರಸಿ ಹಾಕಿಸಬಹುದು ಅನ್ನೋ ಆಸೆ. ಅದನ್ನು ದುರಾಸೆ ಅನ್ನೋಕೆ ನನಗೆ ಬಾಯಿ ಬರಲ್ಲ. ನಾನು ಬಿಇ ಓದಿದ್ದೂ ಅಂಥದೇ ಒಂದು ಆಸೆಯ ದುಡ್ಡಿನಲ್ಲಿ.

ನಮ್ಮ ಕಡೆಯವರಿಗೆ ಸಿಸ್ಟರ್‌ಗಳು ಹೊಸಬರಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಬೇರೆಯವರ ಮನೆಯಿಂದ ಬಂದ ಸಿಸ್ಟರ್ ಸೂಜಿ ಚುಚ್ಚಿದಾಗ ಕೈ ಮುಗಿಯೋದು ಸುಲಭ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಡುವವಳು ನಮ್ಮನೆ ಹುಡುಗಿ ಅಂದಾಗ ಮಾತ್ರ ಎದೆ ಧಸಕ್ ಅನ್ನುತ್ತೆ. ದುಡಿದದ್ದೆಲ್ಲ ಅವಳ ಸಂಘಕ್ಕೆ, ಮನೆಗೆ ಒಂದು ರೂಪಾಯಿಯೂ ಇಲ್ಲ.

ನಾನು ಫೋನ್ ಮಾಡಿ ಕೇಳಿದೆ: "ನರ್ಸಾಗಿದ್ದುಕೊಂಡೇ ಸೇವೆ ಮಾಡಬಹುದಲ್ಲಮ್ಮ?"

"ಮಾಡಬಹುದು ಅಣ್ಣ. ನಾನು ಸೇವೆಗೆ ಅಂತ ಹೋಗ್ತಿಲ್ಲ. ನನಗೆ ಯೇಸು ಬೇಕು, ಅದಕ್ಕೆ ಹೋಗ್ತಿದ್ದೀನಿ."

ನಮ್ಮಲ್ಲಿ ಯಾವುದನ್ನಾದರೂ ಬಿಡೋದಕ್ಕೆ ಒಂದು ಉಪಯೋಗ ತೋರಿಸಬೇಕು. ಸೇವೆ ಅಂದರೆ ಎಲ್ಲರೂ ಒಪ್ಪುತ್ತಾರೆ. ದೇವರೇ ಬೇಕು ಅಂದರೆ ಯಾರಿಗೂ ಲೆಕ್ಕ ಸಿಗಲ್ಲ. ಸಂತ ಪೌಲನ ಕಥೆಯೂ ಇದೇ. ಒಳ್ಳೆಯ ಕುಲ, ಧರ್ಮಶಾಸ್ತ್ರದ ಓದು, ರೋಮನ್ ಪೌರತ್ವ. ಇವತ್ತಿನ ಲೆಕ್ಕಕ್ಕೆ ಭಾರಿ ರೆಸ್ಯೂಮೆ. ಸೆರೆಯಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ತನ್ನ ಹೆಗ್ಗಳಿಕೆಯನ್ನೆಲ್ಲ ಲಾಭದ ಖಾತೆಯಿಂದ ನಷ್ಟದ ಖಾತೆಗೆ ಹಾಕಿಬಿಡ್ತಾನೆ. ಅವೆಲ್ಲ ಕೆಟ್ಟವು ಅಂತಲ್ಲ, ಕ್ರಿಸ್ತನ ಮುಂದೆ ಅವಕ್ಕೆ ಬೆಲೆ ಉಳಿಯಲಿಲ್ಲ.

ಕ್ಯಾಥೋಲಿಕ್ ಸಭೆಯೂ ಅವಸರ ಮಾಡಲ್ಲ ಅಂತ ಆಮೇಲೆ ಗೊತ್ತಾಯ್ತು. ನೋವಿಶಿಯೇಟ್ ಕನಿಷ್ಠ 12 ತಿಂಗಳು, ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಆಮೇಲಷ್ಟೇ ಕಡೆಯ ವ್ರತ. ಇಷ್ಟುದ್ದದ ಪ್ರೊಬೇಷನ್ ನಾನು ಯಾವ ಕಂಪನಿಯಲ್ಲೂ ನೋಡಿಲ್ಲ. ಇನ್ನೊಂದು ನಿಯಮವೂ ಇದೆ: ತೀರಿಸಲಾಗದ ಸಾಲ ಹೊತ್ತವರನ್ನು ನೋವಿಶಿಯೇಟ್‌ಗೆ ಸೇರಿಸಿಕೊಳ್ಳುವಂತಿಲ್ಲ.

ಇದನ್ನು ಕೇಳಿ ಚಿಕ್ಕಪ್ಪನಿಗೆ ಜೀವ ಬಂತು. ಸಾಲ ಇರೋವರೆಗೂ ಮಗಳು ಮನೆಯವಳೇ. ಮನಸ್ಸು ಮಾಡಿದ್ದರೆ ಕಾರಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ನಾನೇ ತೀರಿಸಬಹುದಿತ್ತು. ಆದರೆ ಅಪ್ಪನ ಕೈಯಿಂದ ಮಗಳನ್ನು ಕಿತ್ತುಕೊಂಡ ಹಾಗೆ ಆಗುತ್ತಲ್ಲ? ಅವಳೇ ದಾರಿ ಹುಡುಕಿದಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಾಳೆ.

ಭಾನುವಾರ ನಮ್ಮನೆಗೆ ಬರ್ತಾಳೆ. ಬಿರಿಯಾನಿ ಎರಡು ಸಲ ಹಾಕಿಸಿಕೊಳ್ತಾಳೆ, ಶಿವಣ್ಣನ ಸಿನಿಮಾಗೆ ಶಿಳ್ಳೆ ಹಾಕ್ತಾಳೆ, ನನ್ನ ಹೈಕ್ ಎಷ್ಟು ಅಂತ ಕೇಳಿ ನಿಜವಾಗಿ ಖುಷಿಪಡ್ತಾಳೆ. ಲೋಕವನ್ನು ಕಂಡರೆ ಅವಳಿಗೆ ಒಂಚೂರೂ ಸಿಟ್ಟಿಲ್ಲ. ಸಂಬಳ ಕೈಗೆ ಬರ್ತಿದ್ದರೆ ಮನಸ್ಸು ಬದಲಾಗುತ್ತೆ ಅಂತ ಚಿಕ್ಕಪ್ಪ ಇನ್ನೂ ಕಾಯ್ತಿದ್ದಾರೆ.

ಇನ್ನು 9 ಕಂತು ಬಾಕಿ. ಅವು ಮುಗಿದ ದಿನ ಚಿಕ್ಕಪ್ಪ ಮತ್ತೆ ನನಗೇ ಫೋನ್ ಮಾಡ್ತಾರೆ. ಏನು ಹೇಳಬೇಕು ಅಂತ ಯೋಚನೆ ಮಾಡಿಟ್ಟಿದ್ದೀನಿ: "ತಾರಸಿ ನಾನು ಹಾಕುಸ್ಕೊಡ್ತೀನಿ ಚಿಕ್ಕಪ್ಪ. ಅವಳನ್ನ ಕಳುಸ್ಕೊಡಿ."